ಬರಿಗೋಡೆ ಮತ್ತು ಹಳೆಯ ಪಟ

ಕೆಲವು ತಿಂಗಳ ಹಿಂದೆ ಬಂಧುಗಳೊಬ್ಬರ ಹೊಸ ಮನೆಯ ಆಶೀರ್ವಾದಕ್ಕೆ ಹೋಗಿದ್ದೆ. ಬಹುಮಹಡಿ ಕಟ್ಟಡವೊಂದರ ಆರನೆಯ ಅಂತಸ್ತಿನ ಮನೆ. ಗುರುಗಳು ಕೋಣೆಯಿಂದ ಕೋಣೆಗೆ ನಡೆದು ಪವಿತ್ರ ಜಲವನ್ನು ಪ್ರೋಕ್ಷಿಸಿದರು. ನಾವು ಕೀರ್ತನೆ ಹಾಡುತ್ತಾ ಹಿಂಬಾಲಿಸಿದೆವು. ಎಲ್ಲಿ ನೋಡಿದರೂ ಹಾಲಿನಂಥ ಬಿಳಿಯ ಗೋಡೆಗಳು. ಒಂದು ಗೆರೆಯಿಲ್ಲ, ಒಂದು ಮೊಳೆಯಿಲ್ಲ. ನಡುಮನೆಯ ಮೂಲೆಯಲ್ಲಿ ಮಾತ್ರ ಹಳೆಯ ಸೀರೆಯಲ್ಲಿ ಸುತ್ತಿದ ಪಟವೊಂದು ಒರಗಿ ನಿಂತಿತ್ತು. ಊರಿನ ಮನೆಯಿಂದ ಅಜ್ಜಿ ಹೊತ್ತು ತಂದಿದ್ದ ಯೇಸುವಿನ ಪವಿತ್ರ ಹೃದಯದ ಪಟವದು.

"ಇದನ್ನು ಎಲ್ಲಿ ಹಾಕೋಣ ಮಗಾ?" ಎಂದು ಅಜ್ಜಿ ಮೊಮ್ಮಗನನ್ನು ಕೇಳಿದರು.

"ಈಗಷ್ಟೇ ಬಣ್ಣ ಹಚ್ಚಿಸಿದ್ದೇವೆ ಅಜ್ಜಿ. ಮೊಳೆ ಹೊಡೆದರೆ ಗೋಡೆ ಹಾಳಾಗುತ್ತದೆ. ಆಮೇಲೆ ನೋಡೋಣ" ಎಂದ ಆತ.

ಅಜ್ಜಿ ಮರುಮಾತಾಡಲಿಲ್ಲ. ಸೀರೆಯ ಅಂಚನ್ನು ಎಳೆದು ಪಟವನ್ನು ಮತ್ತೆ ಮುಚ್ಚಿದರು.

ಆ ತರುಣನನ್ನು ದೂರಲು ನಾನು ಈ ಘಟನೆಯನ್ನು ಹೇಳುತ್ತಿಲ್ಲ. ಸಾಲ ಮಾಡಿ ಕೊಂಡ ಮನೆಯ ಗೋಡೆಯ ಮೇಲೆ ಅವನಿಗೆ ಅಕ್ಕರೆ ಇರುವುದು ಸಹಜ. ಬರಿಗೋಡೆ ಕಣ್ಣಿಗೆ ತಂಪು ಎನ್ನುವವರ ಅಭಿರುಚಿಯನ್ನೂ ಅಲ್ಲಗಳೆಯಲಾಗದು. ಆದರೆ ಅಂದು ಮನೆಗೆ ಮರಳುವಾಗ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡಿತು. ನಾವು ಮನೆಯ ಗೋಡೆಗೆ ಪಟವನ್ನು ತೂಗುಹಾಕುವುದಾದರೂ ಏಕೆ? ಈ ರೂಢಿ ನಮಗೆ ಎಲ್ಲಿಂದ ಬಂತು? ಇದು ಅಲಂಕಾರವೋ, ವಿಶ್ವಾಸವೋ, ಬರಿಯ ಅಭ್ಯಾಸಬಲವೋ?

ಕ್ರೈಸ್ತರಿಗೆ ದೇವಾಲಯಗಳಿಗಿಂತ ಮೊದಲು ಮನೆಗಳಿದ್ದವು. ಅಕ್ವಿಲ ಹಾಗೂ ಪ್ರಿಸ್ಕಿಲ್ಲ ದಂಪತಿಯ ಮನೆಯಲ್ಲಿ ಸೇರುತ್ತಿದ್ದ ಸಭೆಗೆ ಸಂತ ಪೌಲರು ತಮ್ಮ ಪತ್ರಗಳಲ್ಲಿ ವಂದನೆ ತಿಳಿಸುತ್ತಾರೆ. ಅಂಥ ಮನೆಗಳ ಗೋಡೆಗಳು ಹೇಗಿದ್ದವು? ಗಲಿಲೇಯ ಸರೋವರದ ತೀರದ ಕಫೆರ್ನವುಮಿನಲ್ಲಿ 1968ರಿಂದ ಫ್ರಾನ್ಸಿಸ್ಕನ್ ಸಭೆಯ ಗುರುಗಳಾದ ಕೊರ್ಬೊ ಮತ್ತು ಲೊಫ್ರೆದಾ ನಡೆಸಿದ ಉತ್ಖನನ ಇದಕ್ಕೆ ಒಂದಿಷ್ಟು ಬೆಳಕು ಚೆಲ್ಲಿತು. ಐದನೆಯ ಶತಮಾನದ ಎಂಟು ಮೂಲೆಯ ದೇವಾಲಯವೊಂದರ ಅಡಿಯಲ್ಲಿ ಕಪ್ಪು ಕಲ್ಲಿನಿಂದ ಕಟ್ಟಿದ ಬಡ ಮನೆಗಳು ಕಾಣಿಸಿಕೊಂಡವು. ಅವುಗಳಲ್ಲಿ ಒಂದು ಕೋಣೆಗೆ ಮಾತ್ರ ಮತ್ತೆ ಮತ್ತೆ ಗಾರೆ ಬಳಿಯಲಾಗಿತ್ತು. ಉದುರಿ ಬಿದ್ದಿದ್ದ ಆ ಗಾರೆಯ ಚೂರುಗಳ ಮೇಲೆ ಶಿಲುಬೆಯ ಗುರುತುಗಳೂ ಯೇಸುವಿನ ನಾಮವೂ ಪುಟ್ಟ ಪ್ರಾರ್ಥನೆಗಳೂ ಗೀಚಲ್ಪಟ್ಟಿದ್ದವು. ಇದೇ ಸಂತ ಪೇತ್ರರ ಮನೆಯೆಂಬುದು ಆ ವಿದ್ವಾಂಸರ ಅಭಿಪ್ರಾಯ. ಗೀಚಿದವರು ಯಾರೋ ಯಾತ್ರಿಕರು. ಅವರ ಕೈಯಲ್ಲಿ ಬಣ್ಣವಿರಲಿಲ್ಲ, ಕುಂಚವಿರಲಿಲ್ಲ. ಮೊಳೆಯಂಥ ಚೂಪಾದ ಯಾವುದೋ ವಸ್ತುವಿನಿಂದ ಅವರು ತಮ್ಮ ವಿಶ್ವಾಸವನ್ನು ಗೋಡೆಗೆ ಒಪ್ಪಿಸಿ ಹೋಗಿದ್ದರು.

ಇನ್ನೊಂದು ಮನೆ ಯೂಫ್ರೆಟಿಸ್ ನದಿಯ ದಂಡೆಯಲ್ಲಿ, ಇಂದಿನ ಸಿರಿಯಾ ದೇಶದ ದುರಾ-ಯೂರೋಪಸ್ ಎಂಬ ಪಾಳುನಗರದಲ್ಲಿ ದೊರೆಯಿತು. ಸುಮಾರು ಕ್ರಿ.ಶ. 232ರ ವೇಳೆಗೆ ಕಟ್ಟಿದ ಸಾಧಾರಣ ಮನೆಯೊಂದನ್ನು ಅಲ್ಲಿನ ಕ್ರೈಸ್ತರು ಪ್ರಾರ್ಥನೆಗಾಗಿ ಮಾರ್ಪಡಿಸಿಕೊಂಡಿದ್ದರು. ಎರಡು ಕೋಣೆಗಳ ನಡುವಣ ಗೋಡೆಯನ್ನು ಒಡೆದು ಸಭೆ ಸೇರಲು ಹಜಾರ ಮಾಡಿಕೊಂಡರು. ಮತ್ತೊಂದು ಸಣ್ಣ ಕೋಣೆಯನ್ನು ದೀಕ್ಷಾಸ್ನಾನಕ್ಕೆ ಮೀಸಲಿಟ್ಟು ಅದರ ಗೋಡೆಗಳಲ್ಲಿ ಚಿತ್ರ ಬರೆಸಿದರು. ಕುರಿಯನ್ನು ಹೆಗಲ ಮೇಲೆ ಹೊತ್ತ ಒಳ್ಳೆಯ ಕುರಿಗಾಹಿ, ಹಾಸಿಗೆಯನ್ನು ಹೊತ್ತು ನಡೆಯುತ್ತಿರುವ ಪಾರ್ಶ್ವವಾಯು ರೋಗಿ, ನೀರಿನ ಮೇಲೆ ನಡೆದ ಪೇತ್ರ, ಸಮಾಧಿಯತ್ತ ಸಾಗುವ ಮಹಿಳೆಯರು ಅಲ್ಲಿದ್ದಾರೆ. ದೊಡ್ಡ ಹಜಾರದ ಗೋಡೆಗಳಿಗೆ ಇಂಥ ಚಿತ್ರಗಳಿರಲಿಲ್ಲ. ಹೊಸ ಬಾಳಿಗೆ ಕಾಲಿಡುವ ಕಡೆಯಲ್ಲಿ ಆ ಬಾಳಿನ ಕಥೆ ಕಣ್ಣೆದುರಿಗಿರಲಿ ಎಂದು ಅವರು ಬಯಸಿದ್ದರೋ ಏನೋ.

ಈ ಚಿತ್ರಗಳು ಉಳಿದ ಬಗೆಯೇ ಸೋಜಿಗದ್ದು. 256ರ ಸುಮಾರಿಗೆ ಪರ್ಷಿಯಾದ ಸೇನೆ ನಗರವನ್ನು ಮುತ್ತಿತು. ಕೋಟೆಯ ಗೋಡೆಯನ್ನು ಬಲಪಡಿಸಲು ಅದರ ಪಕ್ಕದ ಮನೆಗಳಿಗೆಲ್ಲ ಮಣ್ಣು ತುಂಬಲಾಯಿತು. ನಗರ ಉಳಿಯಲಿಲ್ಲ, ಮಣ್ಣಿನಲ್ಲಿ ಹೂತ ಗೋಡೆಗಳು ಮಾತ್ರ ಉಳಿದವು. 1932ರಲ್ಲಿ ಮಣ್ಣನ್ನು ಸರಿಸಿದಾಗ ಒಳ್ಳೆಯ ಕುರಿಗಾಹಿ ತನ್ನ ಕುರಿಯನ್ನು ಕೆಳಗಿಳಿಸದೆ ನಿಂತಿದ್ದ.

ಧರ್ಮಸಭೆಯೊಳಗೆ ಚಿತ್ರಗಳನ್ನು ಎಲ್ಲರೂ ಸುಲಭವಾಗಿ ಒಪ್ಪಿಕೊಂಡರೆಂದು ಭಾವಿಸಬಾರದು. ಕ್ರಿ.ಶ. 600ರ ವೇಳೆಗೆ ಮಾರ್ಸೇ ನಗರದ ಧರ್ಮಾಧ್ಯಕ್ಷ ಸೆರೆನಸ್, ಜನರು ಚಿತ್ರಗಳನ್ನೇ ಆರಾಧಿಸುತ್ತಿದ್ದಾರೆಂದು ಕಂಡು ಅವುಗಳನ್ನು ಒಡೆಸಿಹಾಕಿದರು. ಆಗಿನ ಜಗದ್ಗುರು ಮಹಾ ಗ್ರೆಗೋರಿಯವರು ಅವರಿಗೆ ಬರೆದ ಪತ್ರ ಇಂದಿಗೂ ಉಳಿದಿದೆ. ಆರಾಧನೆಯನ್ನು ತಡೆದದ್ದು ಸರಿ, ಒಡೆದದ್ದು ತಪ್ಪು ಎಂಬುದು ಅದರ ತಾತ್ಪರ್ಯ. ಓದು ಬಾರದವರು ಪುಸ್ತಕದಲ್ಲಿ ಕಾಣಲಾರದ್ದನ್ನು ಗೋಡೆಯ ಮೇಲೆ ಕಂಡು ಅರಿಯುತ್ತಾರೆ ಎಂದು ಅವರು ತಿಳಿಹೇಳಿದರು.

ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಪೂರ್ವದ ರೋಮನ್ ಸಾಮ್ರಾಜ್ಯದಲ್ಲಿ ಇದೇ ಪ್ರಶ್ನೆ ಬಿರುಗಾಳಿಯಾಗಿ ಎದ್ದಿತು. ಚಕ್ರವರ್ತಿ ಮೂರನೆಯ ಲಿಯೊನ ಕಾಲದಿಂದ ಚಿತ್ರಗಳ ವಿರುದ್ಧ ಆಜ್ಞೆಗಳು ಹೊರಟವು. ಗೋಡೆಗಳಿಗೆ ಸುಣ್ಣ ಬಳಿಯಲಾಯಿತು; ಚಿತ್ರಗಳ ಪರ ನಿಂತ ಸನ್ಯಾಸಿಗಳು ಸೆರೆವಾಸವನ್ನೂ ಗಡೀಪಾರನ್ನೂ ಅನುಭವಿಸಿದರು. ದೂರದ ಪಲೆಸ್ತೀನದಲ್ಲಿದ್ದ ಸಂತ ಡಮಾಸ್ಕಸಿನ ಯೊವಾನ್ನರು ಚಿತ್ರಗಳ ಪರವಾಗಿ ಲೇಖನಿ ಹಿಡಿದರು. ಕಾಣದ ದೇವರು ಮಾನವ ದೇಹ ಧರಿಸಿ ಕಾಣಿಸಿಕೊಂಡ ಮೇಲೆ ಆ ಮುಖವನ್ನು ಚಿತ್ರಿಸುವುದು ತಪ್ಪಾಗಲಾರದು ಎಂಬುದು ಅವರ ವಾದದ ತಿರುಳು. 787ರಲ್ಲಿ ಸೇರಿದ ನಿಸೇಯದ ಎರಡನೆಯ ಮಹಾಸಭೆ ಈ ಮಾತನ್ನು ಎತ್ತಿಹಿಡಿಯಿತು. ಆರಾಧನೆ ದೇವರೊಬ್ಬರಿಗೇ ಸಲ್ಲತಕ್ಕದ್ದು. ಚಿತ್ರಕ್ಕೆ ತೋರುವ ಗೌರವ ಆ ಚಿತ್ರ ಸೂಚಿಸುವ ವ್ಯಕ್ತಿಗೆ ಸಲ್ಲುತ್ತದೆ ಎಂದು ಸಾರಿತು. ಪವಿತ್ರ ಚಿತ್ರಗಳು ದೇವಾಲಯಗಳಲ್ಲಿ ಮಾತ್ರವಲ್ಲದೆ ಮನೆಗಳಲ್ಲಿಯೂ ಹಾದಿಗಳ ಬದಿಯಲ್ಲಿಯೂ ಇರಬಹುದೆಂದು ಆ ಮಹಾಸಭೆಯ ತೀರ್ಪು ಸ್ಪಷ್ಟವಾಗಿ ಹೇಳಿತು. ಅಜ್ಜಿಯ ಪಟಕ್ಕೆ ಮನೆಯೊಳಗೆ ಹಕ್ಕಿನ ಸ್ಥಾನ ದೊರೆತದ್ದು ಅಲ್ಲಿ ಎನ್ನಬಹುದು. ಕಲಹ ಪೂರ್ತಿ ತಣ್ಣಗಾಗಲು ಮಾತ್ರ 843ರವರೆಗೆ ಕಾಯಬೇಕಾಯಿತು.

ಹಕ್ಕು ದೊರೆತರೂ ಬಡವರ ಮನೆಗೆ ಚಿತ್ರ ಬರಲು ಶತಮಾನಗಳೇ ಹಿಡಿದವು. ಕೈಯಿಂದ ಬರೆಸಿದ ಚಿತ್ರಕ್ಕೆ ಹಣ ತೆರಬಲ್ಲವರು ಕೆಲವರೇ. ಮರದ ಅಚ್ಚಿನಿಂದ ಕಾಗದದ ಮೇಲೆ ಚಿತ್ರ ಒತ್ತುವ ಕಲೆ ಯೂರೋಪಿನಲ್ಲಿ ಬಳಕೆಗೆ ಬಂದಾಗ ಈ ಸ್ಥಿತಿ ಬದಲಾಯಿತು. 1423ನೆಯ ಇಸವಿಯನ್ನು ಹೊತ್ತ ಸಂತ ಕ್ರಿಸ್ಟೋಫರರ ಅಚ್ಚುಚಿತ್ರವೊಂದು ಜರ್ಮನಿಯ ಬುಕ್ಸ್‌ಹೈಮ್ ಮಠದ ಹಸ್ತಪ್ರತಿಯೊಂದರ ರಟ್ಟಿನ ಒಳಗೆ ಅಂಟಿಸಿದ ಸ್ಥಿತಿಯಲ್ಲಿ ದೊರೆತು, ಈಗ ಮ್ಯಾಂಚೆಸ್ಟರಿನಲ್ಲಿದೆ. ಈ ಸಂತರ ಮುಖ ನೋಡಿದವನಿಗೆ ಆ ದಿನ ದುರ್ಮರಣವಿಲ್ಲ ಎಂಬ ನಂಬಿಕೆ ಜನರಲ್ಲಿತ್ತು. ಬ್ರಸೆಲ್ಸಿನ ವಸ್ತುಸಂಗ್ರಹಾಲಯದಲ್ಲಿ ಅದೇ ಶತಮಾನದ ಮಂಗಳವಾರ್ತೆಯ ಚಿತ್ರವೊಂದಿದೆ. ದೇವದೂತನು ಮಾತೆ ಮರಿಯಮ್ಮನವರ ಮುಂದೆ ನಿಂತಿದ್ದಾನೆ. ಹಿಂದೆ ಅಗ್ಗಿಷ್ಟಿಕೆಯ ಮೇಲಿನ ಗೋಡೆಗೆ ಸಂತ ಕ್ರಿಸ್ಟೋಫರರ ಕಾಗದದ ಚಿತ್ರ ಅಂಟಿಕೊಂಡಿದೆ! ನಜರೇತಿನ ಮನೆಯಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಆದರೆ ಕಲಾವಿದನು ಮರಿಯಮ್ಮನ ಮನೆಯನ್ನು ತನ್ನ ಊರಿನ ನೆರೆಮನೆಯಂತೆ ಕಂಡಿದ್ದ. ಆಗಿನ ಮನೆಗಳ ಗೋಡೆಗಳಲ್ಲಿ ಅಂಥ ಕಾಗದದ ಚಿತ್ರಗಳಿದ್ದವೆಂಬುದಕ್ಕೆ ಅವನ ಕುಂಚವೇ ಸಾಕ್ಷಿ.

1796ರ ಬಳಿಕ ಮ್ಯೂನಿಕ್ ನಗರದ ಅಲೋಯ್ಸ್ ಸೆನೆಫೆಲ್ಡರ್ ಕಲ್ಲಚ್ಚಿನ ವಿಧಾನವನ್ನು ರೂಪಿಸಿದ. ಜಿಡ್ಡಿಗೂ ನೀರಿಗೂ ಹೊಂದಿಕೆಯಿಲ್ಲವೆಂಬ ಸರಳ ತತ್ತ್ವದ ಮೇಲೆ ನಿಂತ ವಿಧಾನವದು. ಬಣ್ಣಕ್ಕೊಂದು ಕಲ್ಲಿನಂತೆ ಒತ್ತಿ ಬಣ್ಣದ ಚಿತ್ರಗಳನ್ನು ಸಾವಿರಗಟ್ಟಲೆ ತೆಗೆಯುವುದು ಹತ್ತೊಂಬತ್ತನೆಯ ಶತಮಾನದಲ್ಲಿ ಸಾಧ್ಯವಾಯಿತು. ಯೂರೋಪಿನ ಅಚ್ಚುಕೂಟಗಳಿಂದ ಅವು ಹಡಗು ಹತ್ತಿ ಭಾರತಕ್ಕೂ ಬಂದವು. 1894ರಲ್ಲಿ ರಾಜಾ ರವಿವರ್ಮರು ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯ ಹಿಂದೂ ದೇವತೆಗಳ ಚಿತ್ರಗಳನ್ನು ಮನೆಮನೆಗೆ ತಲುಪಿಸಿದ್ದೂ ಇದೇ ಕಲ್ಲಚ್ಚಿನಿಂದ. ಹೀಗೆ ನೆರೆಹೊರೆಯ ಎರಡು ಮನೆಗಳಲ್ಲಿ, ಬೇರೆ ಬೇರೆ ವಿಶ್ವಾಸದ ಎರಡು ಪಟಗಳು, ಒಂದೇ ತಂತ್ರದ ಫಲವಾಗಿ ಗಾಜಿನ ಕಟ್ಟಿನೊಳಗೆ ನೆಲೆಗೊಂಡವು.

ನಮ್ಮ ಮನೆಗಳ ಗೋಡೆಗಳಲ್ಲಿ ಅತಿ ಪರಿಚಿತವಾದ ಮೂರು ಪಟಗಳನ್ನು ಈಗ ನೆನೆಯೋಣ. ಮೊದಲನೆಯದು ಪವಿತ್ರ ಹೃದಯದ ಪಟ. ಫ್ರಾನ್ಸಿನ ಪಾರೆ-ಲ-ಮೋನಿಯಲ್ ಎಂಬಲ್ಲಿ ಸಂತ ಮಾರ್ಗರೆಟ್ ಮೇರಿಯವರಿಗೆ 1673ರಿಂದ 1675ರ ಅವಧಿಯಲ್ಲಿ ಯೇಸುವಿನ ಹೃದಯದ ದರ್ಶನಗಳಾದವು. 1685ರಲ್ಲಿ ಅವರ ಬಳಿ ತರಬೇತಿಯಲ್ಲಿದ್ದ ಕನ್ಯೆಯರು ಶಾಯಿಯಿಂದ ಒಂದು ಹೃದಯವನ್ನು ಬರೆದು ಪುಟ್ಟ ಪೀಠದ ಮೇಲಿಟ್ಟು ಗೌರವಿಸಿದರು. ಆರಂಭ ಅಷ್ಟು ಸಣ್ಣದು. 1767ರಲ್ಲಿ ಪೊಂಪೆಯೊ ಬತೋನಿ ಎಂಬ ಕಲಾವಿದ ರೋಮಿನ ಯೇಸುಸಭೆಯ ದೇವಾಲಯಕ್ಕಾಗಿ ಬರೆದ ಚಿತ್ರದಲ್ಲಿ ಯೇಸುಸ್ವಾಮಿ ತಮ್ಮ ಹೃದಯವನ್ನು ಕೈಯಲ್ಲಿ ಹಿಡಿದು ನೀಡುತ್ತಿದ್ದಾರೆ. ಅದರ ನೆರಳು ನಮ್ಮ ಅನೇಕ ಪಟಗಳ ಮೇಲೆ ಬಿದ್ದಿದೆ. 1907ರಲ್ಲಿ ಪೆರು ದೇಶದಲ್ಲಿ ಜನಿಸಿದ ಗುರು ಮತೇಯೊ ಕ್ರಾಲಿ-ಬೋವಿಯವರು, ಜಗದ್ಗುರು ಹತ್ತನೆಯ ಪಿಯುಸರ ಪ್ರೋತ್ಸಾಹದೊಂದಿಗೆ, ಈ ಪಟವನ್ನು ಮನೆಗಳಲ್ಲಿ ವಿಧಿಪೂರ್ವಕವಾಗಿ ಪ್ರತಿಷ್ಠಾಪಿಸುವ ಕಾರ್ಯವನ್ನು ಕೈಗೊಂಡರು. ಕುಟುಂಬವಿಡೀ ಒಟ್ಟಾಗಿ ನಿಂತು ಯೇಸುವನ್ನು ಮನೆಯ ಅರಸರೆಂದು ಒಪ್ಪಿ ಸಮರ್ಪಣೆಯ ಪತ್ರಕ್ಕೆ ಸಹಿ ಹಾಕುವ ಪದ್ಧತಿ ಆ ಕಾರ್ಯದ ಭಾಗ.

ಎರಡನೆಯದು ನಿತ್ಯಾಧಾರ ಮಾತೆಯ ಪಟ. ಕ್ರೀಟ್ ದ್ವೀಪದಿಂದ ಬಂದುದೆಂದು ಹೇಳಲಾಗುವ ಈ ಚಿತ್ರ 1499ರಿಂದ ರೋಮಿನ ಸಂತ ಮತ್ತಾಯರ ದೇವಾಲಯದಲ್ಲಿತ್ತು. 1798ರಲ್ಲಿ ಫ್ರೆಂಚ್ ಸೇನೆ ರೋಮನ್ನು ಹಿಡಿದಿದ್ದಾಗ ಆ ದೇವಾಲಯ ನೆಲಸಮವಾಯಿತು. ಚಿತ್ರ ಹಲವು ದಶಕಗಳ ಕಾಲ ಮರೆಗೆ ಸರಿದಿತ್ತು. 1866ರಲ್ಲಿ ಜಗದ್ಗುರು ಒಂಬತ್ತನೆಯ ಪಿಯುಸರು ಅದನ್ನು ರಿಡೆಂಪ್ಟರಿಸ್ಟ್ ಸಭೆಯವರ ವಶಕ್ಕೆ ಒಪ್ಪಿಸಿದ ಬಳಿಕ ಅದರ ಪ್ರತಿಗಳು ಲೋಕವನ್ನೆಲ್ಲ ಸುತ್ತಿದವು. ಬೆದರಿದ ಬಾಲಯೇಸುವಿನ ಕಾಲಿನಿಂದ ಜಾರಿ ನೇತಾಡುವ ಪಾದರಕ್ಷೆಯನ್ನು ನೋಡುತ್ತಾ ನಮ್ಮಲ್ಲಿ ಎಷ್ಟು ಮಕ್ಕಳು ಜಪಸರದ ಹೊತ್ತಿನಲ್ಲಿ ನಿದ್ದೆಯನ್ನು ತಡೆದಿಲ್ಲ!

ಮೂರನೆಯದು ಊಟದ ಮೇಜಿನ ಮೇಲಿನ ಗೋಡೆಯ ಕಡೆಯ ಭೋಜನ. ಲಿಯೊನಾರ್ಡೊ ದಾ ವಿಂಚಿ 1495ರಿಂದ 1498ರ ನಡುವೆ ಇದನ್ನು ಬರೆದದ್ದು ಮಿಲಾನಿನ ಮಠವೊಂದರ ಊಟದ ಮನೆಯ ಗೋಡೆಯ ಮೇಲೆ. ಸನ್ಯಾಸಿಗಳು ಮೌನವಾಗಿ ಉಣ್ಣುವಾಗ ತಮ್ಮ ಎದುರಿನ ಮೇಜಿನಲ್ಲಿ ಸ್ವಾಮಿಯೂ ಉಣ್ಣುವುದನ್ನು ಕಾಣುತ್ತಿದ್ದರು. ಆದ್ದರಿಂದ ಅದನ್ನು ಊಟದ ಕೋಣೆಯಲ್ಲಿ ಹಾಕುವ ನಮ್ಮ ರೂಢಿ ಮೂಲಕ್ಕೆ ನಿಷ್ಠವಾದುದೇ. ಒಣ ಗಾರೆಯ ಮೇಲೆ ಬರೆದುದರಿಂದ ಬಣ್ಣ ಬೇಗನೆ ಉದುರತೊಡಗಿತು. 1652ರಲ್ಲಿ ಅದೇ ಗೋಡೆಗೆ ಬಾಗಿಲು ಕೊರೆದಾಗ ಯೇಸುವಿನ ಪಾದಗಳೇ ಮಾಯವಾದವು. 1943ರ ಆಗಸ್ಟಿನಲ್ಲಿ ಬಾಂಬು ಬಿದ್ದು ಚಾವಣಿ ಕುಸಿದರೂ, ಮರಳಿನ ಮೂಟೆಗಳ ಆಸರೆಯಲ್ಲಿದ್ದ ಆ ಗೋಡೆ ನಿಂತೇ ಇತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ದುರಸ್ತಿ ಕಾರ್ಯ 1999ರಲ್ಲಿ ಮುಗಿಯಿತು.

ಗೋಡೆಯ ಮೇಲೆ ಪಟವಿಡುವುದೇ ಅಪರಾಧವಾಗಿದ್ದ ನಾಡನ್ನೂ ಇಲ್ಲಿ ಸ್ಮರಿಸಬೇಕು. ಜಪಾನಿನಲ್ಲಿ 1614ರಲ್ಲಿ ಕ್ರೈಸ್ತ ಧರ್ಮಕ್ಕೆ ದೇಶವ್ಯಾಪಿ ನಿಷೇಧ ಬಂತು. ನಾಗಸಾಕಿಯ ಸುತ್ತ ಅಧಿಕಾರಿಗಳು ಯೇಸುವಿನ ಅಥವಾ ಮರಿಯಮ್ಮನ ಚಿತ್ರವನ್ನು ನೆಲದ ಮೇಲಿಟ್ಟು ಜನರಿಂದ ತುಳಿಸುತ್ತಿದ್ದರು. ತುಳಿಯಲು ಒಲ್ಲದವನು ಕ್ರೈಸ್ತನೆಂದು ಸಿಕ್ಕಿಬೀಳುತ್ತಿದ್ದ. ಇಕಿತ್ಸುಕಿ ದ್ವೀಪದ ವಿಶ್ವಾಸಿಗಳು ಸುರುಳಿ ಚಿತ್ರಗಳನ್ನು ಮನೆಯ ಒಳಗಿನ ಉಗ್ರಾಣದಂಥ ಕೋಣೆಯಲ್ಲಿ ಬಚ್ಚಿಟ್ಟು, ಕತ್ತಲಲ್ಲಿ ಅವುಗಳ ಮುಂದೆ ಪ್ರಾರ್ಥಿಸಿದರು. ಆ ಚಿತ್ರಗಳಲ್ಲಿ ಮರಿಯಮ್ಮ ಜಪಾನಿನ ಉಡುಗೆಯನ್ನೇ ಉಟ್ಟಿದ್ದಾರೆ. ಏಳು ತಲೆಮಾರುಗಳಷ್ಟು ಕಾಲ ಗುರುಗಳಿಲ್ಲದೆ, ಬಲಿಪೂಜೆಯಿಲ್ಲದೆ ಅವರು ವಿಶ್ವಾಸವನ್ನು ಕಾಪಾಡಿದರು. 1865ರ ಮಾರ್ಚ್ 17ರಂದು ನಾಗಸಾಕಿಯ ಹೊಸ ದೇವಾಲಯಕ್ಕೆ ಬಂದ ಹಳ್ಳಿಗರ ಗುಂಪಿನ ಮಹಿಳೆಯೊಬ್ಬರು, ತಾವೂ ಅದೇ ವಿಶ್ವಾಸದವರೆಂದು ಗುರು ಪೆತಿಜಾನರಿಗೆ ಮೆಲ್ಲನೆ ತಿಳಿಸಿ, ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ಕೇಳಿದರು. ಸಾರ್ವಜನಿಕ ನಿಷೇಧ ತೆಗೆದುಹಾಕಲ್ಪಟ್ಟದ್ದು 1873ರಲ್ಲಿ. ಅವರಿಗೆ ಗೋಡೆಯಿತ್ತು, ಆದರೆ ಮೊಳೆ ಹೊಡೆಯುವ ಸ್ವಾತಂತ್ರ್ಯವಿರಲಿಲ್ಲ. ನಮಗೆ ಆ ಸ್ವಾತಂತ್ರ್ಯವಿದೆ. ಬಣ್ಣ ಕೆಡುವ ಅಂಜಿಕೆ ಮಾತ್ರ.

ನಮ್ಮ ನಾಡಿನ ಗೋಡೆಗಳೂ ಮೂಕವಲ್ಲ. ಮಲೆನಾಡಿನ ದೀವರ ಮನೆಗಳಲ್ಲಿ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ ಹಸೆ ಚಿತ್ತಾರ ಬರೆದು ಮದುವೆಯ ಮನೆಯನ್ನು ಸಿಂಗರಿಸುತ್ತಾ ಬಂದಿದ್ದಾರೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರಕ್ಕೆ ಇಟಲಿಯ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿಯವರು 1899ರಿಂದ 1901ರವರೆಗೆ ಚಿತ್ರ ಬರೆದರು. ರೋಗಿಗಳ ಸೇವೆ ಮಾಡುತ್ತಲೇ ಇಪ್ಪತ್ತಮೂರರ ಪ್ರಾಯದಲ್ಲಿ ತೀರಿಕೊಂಡ ಸಂತ ಅಲೋಶಿಯಸರ ಬಾಳು ಅಲ್ಲಿ ಕಣ್ಣಿಗೆ ಕಟ್ಟುವಂತಿದೆ. ಮೊಸ್ಕೇನಿಯವರು ಸ್ವದೇಶಕ್ಕೆ ಮರಳಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ನಿಧನರಾದರು. ಮುಂದೆ ಗೋವಾದ ಅಂಜೆಲೊ ದ ಫೊನ್ಸೆಕ ಶಾಂತಿನಿಕೇತನದಲ್ಲಿ ಕಲಿತು, ಸೀರೆಯುಟ್ಟ ಮರಿಯಮ್ಮನನ್ನು ಚಿತ್ರಿಸಿ, ತಮ್ಮವರಿಂದಲೇ ಟೀಕೆಗೆ ಗುರಿಯಾದರು. ಬೆಂಗಳೂರಿನ ಬಳಿಯ ಸಿಲ್ವೆಪುರದಲ್ಲಿ ನೆಲೆಸಿದ ಜ್ಯೋತಿ ಸಾಹಿಯವರ ಕುಂಚವೂ ಇದೇ ಹಾದಿ ಹಿಡಿಯಿತು. ಕ್ರಿಸ್ತನು ನಮ್ಮ ನೆಲದವನಂತೆಯೇ ನಮ್ಮ ಗೋಡೆಯಿಂದ ನಮ್ಮನ್ನು ನೋಡಬಾರದೇಕೆ ಎಂಬುದು ಇವರ ಚಿತ್ರಗಳು ನಮ್ಮ ಮುಂದಿಡುವ ಪ್ರಶ್ನೆ.

ಬರಿಗೋಡೆಯ ಪರವಾಗಿಯೂ ಸಂತರು ಮಾತಾಡಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ಸಂತ ಬರ್ನಾರ್ಡರು, ದೇವಾಲಯದ ಗೋಡೆಗಳು ಥಳಥಳಿಸುತ್ತಿರುವಾಗ ಅದರ ಬಡವರು ಬಟ್ಟೆಯಿಲ್ಲದೆ ನಿಂತಿದ್ದಾರೆಂದು ಕಟುವಾಗಿ ನುಡಿದರು. ಅವರ ಸಿಸ್ಟರ್ಸಿಯನ್ ಮಠಗಳು ಗೋಡೆಗಳನ್ನು ಬರಿದಾಗಿಯೇ ಉಳಿಸಿಕೊಂಡವು. ಅವರಿಗಿಂತ ಬಹು ಹಿಂದೆಯೇ ಸಂತ ಕ್ರಿಸೊಸ್ತೊಮರು, ಹಸಿದ ಕ್ರಿಸ್ತನನ್ನು ಹೊರಗೆ ಬಿಟ್ಟು ಒಳಗೆ ಪೀಠವನ್ನು ಸಿಂಗರಿಸುವುದು ಎಂಥ ಗೌರವವೆಂದು ತಮ್ಮ ಸಭಿಕರನ್ನು ಪ್ರಶ್ನಿಸಿದ್ದರು. ನಮ್ಮ ಪ್ರೊಟೆಸ್ಟೆಂಟ್ ಸಹೋದರರ ಮನೆಗಳಲ್ಲಿ ಚಿತ್ರದ ಬದಲು ದೇವರ ವಾಕ್ಯವೇ ಕಟ್ಟಿನೊಳಗೆ ಕುಳಿತಿರುವುದನ್ನು ನೋಡುತ್ತೇವೆ. ಆಜ್ಞೆಗಳನ್ನು ಬಾಗಿಲ ನಿಲುವುಗಳ ಮೇಲೆ ಬರೆಯಬೇಕೆಂಬ ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದ ಮಾತು ಅವರಿಗೂ ನಮಗೂ ಒಂದೇ. ಪಟದ ಮುಂದೆ ದೀಪ ಉರಿಯುತ್ತಿರುವಾಗಲೇ ಅದರ ಕೆಳಗೆ ಅಣ್ಣತಮ್ಮಂದಿರು ಆಸ್ತಿಗಾಗಿ ಕಿತ್ತಾಡುವುದನ್ನೂ, ಕೆಲಸದವಳಿಗೆ ಬೇರೆ ಲೋಟದಲ್ಲಿ ಕಾಫಿ ಕೊಡುವುದನ್ನೂ ನಾವು ಕಂಡಿಲ್ಲವೇ? ಅಂಥ ಮನೆಯ ಗೋಡೆ ಎಷ್ಟು ತುಂಬಿದ್ದರೂ ಬರಿದೇ.

ಹಾಗಾದರೆ ಪಟ ಏಕೆ ಬೇಕು? ನಾವು ಮರೆಯುವವರಾದ್ದರಿಂದ. ಕಫೆರ್ನವುಮಿನ ಯಾತ್ರಿಕರು ಗೀಚಿದ ಹೆಸರುಗಳೂ ಇಕಿತ್ಸುಕಿಯ ಸುರುಳಿಗಳೂ ಹೇಳುವುದು ಇಷ್ಟನ್ನೇ. ಗೋಡೆ ತುಂಬ ಪಟಗಳಿರಬೇಕಿಲ್ಲ. ಕುಟುಂಬ ಸಂಜೆಗೊಮ್ಮೆ ಒಟ್ಟಿಗೆ ನಿಲ್ಲುವ ಕಡೆಯಲ್ಲಿ ಒಂದು ಸಾಕು. ಗರಿಗಳ ಭಾನುವಾರದಂದು ತಂದ ಗರಿಯನ್ನು ಸಿಕ್ಕಿಸಲು ಅದರ ಹಿಂದೆ ಒಂದಿಷ್ಟು ಜಾಗವಿದ್ದರಾಯಿತು. ಪಟ ತೀರ ಜೀರ್ಣವಾಗಿದ್ದರೆ ಕಸದ ಬುಟ್ಟಿಗೆ ಹಾಕದೆ, ಆಶೀರ್ವದಿತ ವಸ್ತುಗಳನ್ನು ಸುಡುವ ಅಥವಾ ಮಣ್ಣು ಮಾಡುವ ಧರ್ಮಸಭೆಯ ರೂಢಿಯನ್ನು ಅನುಸರಿಸೋಣ.

ಅಂದಿನ ಗೃಹಾಶೀರ್ವಾದದ ದಿನಕ್ಕೆ ಮರಳುತ್ತೇನೆ. ಊಟದ ಬಳಿಕ ಕುರ್ಚಿಗಳನ್ನು ಸರಿಸುವಾಗ ಆ ತರುಣ ಪಟವನ್ನು ಎತ್ತಿದ. ಸೀರೆ ಜಾರಿತು. ಪಟದ ಹಿಂಬದಿಯ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದ ಸಾಲುಗಳು ಕಾಣಿಸಿದವು. ಅಜ್ಜನ ಕೈಬರಹ. ಮಕ್ಕಳ, ಮೊಮ್ಮಕ್ಕಳ ಹೆಸರುಗಳು; ಪ್ರತಿ ಹೆಸರಿನ ಮುಂದೆ ದೀಕ್ಷಾಸ್ನಾನದ ದಿನಾಂಕ. ಕೊನೆಯ ಹೆಸರು ಅವನದೇ. ಅದರ ಕೆಳಗೆ ಇನ್ನೂ ಮೂರು ನಾಲ್ಕು ಸಾಲುಗಳಷ್ಟು ಜಾಗ ಉಳಿದಿತ್ತು. ಅವನು ಬಹಳ ಹೊತ್ತು ಅದನ್ನು ಓದುತ್ತಾ ನಿಂತ. ಆಮೇಲೆ ಹೆಂಡತಿಯನ್ನು ಕರೆದು ತೋರಿಸಿದ.

ನಾನು ಹೊರಡುವವರೆಗೆ ಮೊಳೆ ಹೊಡೆದಿರಲಿಲ್ಲ. ಆದರೆ ಹಳೆಯ ಸೀರೆಯನ್ನು ಅಜ್ಜಿ ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡಿದ್ದರು.